ಮಂಡ್ಯದಲ್ಲಿ ಒಬ್ಬಳೇ ಕ್ಲಿನಿಕ್ ನಡೆಸುವುದು

ಮಂಡ್ಯದಲ್ಲಿ ಕ್ಲಿನಿಕ್ ತೆಗೆಯುತ್ತೇನೆ ಅಂದಾಗ ಯಾರೂ ಮೊದಲು ಜಾಗ ಎಲ್ಲಿ ಅಂತ ಕೇಳಲಿಲ್ಲ. ಫೀಸು ಎಷ್ಟು ಅಂತ ಕೇಳಿದರು. ಕಾರಣ ಇದೆ. ‘ಐದು ರೂಪಾಯಿ ಡಾಕ್ಟರ್’ ಅಂತ ದೇಶಕ್ಕೆಲ್ಲ ಹೆಸರಾದ ಡಾ. ಶಂಕರೇಗೌಡರ ಊರು ಇದು. ಚರ್ಮರೋಗದ ಡಾಕ್ಟರು. ಬೇರೆ ಕಡೆ ಐನೂರು ತೆತ್ತು ತೋರಿಸಿಕೊಳ್ಳುವ ಕಾಯಿಲೆಗೆ ಅವರ ಹತ್ತಿರ ಐದು ರೂಪಾಯಿ. ಅಂಥ ಊರಲ್ಲಿ ಬರೀ ಎಂಬಿಬಿಎಸ್ ಮಾಡಿದ ಹುಡುಗಿ ನೂರು ರೂಪಾಯಿ ಅಂತ ಬೋರ್ಡು ಹಾಕಿದರೆ ಜನ ಏನಂದಾರು? ನಮ್ಮ ದೊಡ್ಡಪ್ಪ ನೇರವಾಗಿಯೇ ಕೇಳಿದರು. ‘ಅವರು ಐದು ತಗೊಂಡು ಬದುಕಿಲ್ವೇನವ್ವ?’

ಅವರ ಮೇಲೆ ನನಗೆ ದೊಡ್ಡ ಗೌರವವಿದೆ. ಆದರೆ ನನ್ನ ಲೆಕ್ಕ ಬೇರೆ. ಮಳಿಗೆ ಬಾಡಿಗೆ 9,000, ಅಡ್ವಾನ್ಸ್ ಒಂದು ಲಕ್ಷ. ಸಹಾಯಕ್ಕೆ ಒಬ್ಬರು ಬೇಕು, ಅವರಿಗೆ ಸಂಬಳ. ಕರೆಂಟು, ಕಸ ಒಯ್ಯುವವರ ದುಡ್ಡು, ಸಾಮಾನು ತಗೊಳ್ಳಲು ಮಾಡಿದ ಬ್ಯಾಂಕ್ ಸಾಲದ ಕಂತು. ತಿಂಗಳಿಗೆ ಹತ್ತಿರ ಹತ್ತಿರ ನಲವತ್ತು ಸಾವಿರ ಹೋದ ಮೇಲೆ ಉಳಿದದ್ದು ನನ್ನದು. ನೂರು ಅಂತ ಇಟ್ಟೆ. ಐದು ದಿನದೊಳಗೆ ಅದೇ ಕಾಯಿಲೆಗೆ ಮತ್ತೆ ಬಂದರೆ ಫೀಸಿಲ್ಲ. ಈ ಎರಡನೇ ಸಾಲನ್ನು ಬೋರ್ಡಿನಲ್ಲಿ ದೊಡ್ಡದಾಗಿ ಬರೆಸಿದೆ. ಇದು ಧರ್ಮಕ್ಕೆ ಮಾಡಿದ್ದಲ್ಲ. ಜ್ವರ ಬಂದವರು ಮೂರನೇ ದಿನ ಮತ್ತೆ ಬಂದು ಮುಖ ತೋರಿಸಲೇಬೇಕು, ಫೀಸಿಗೆ ಹೆದರಿ ಮನೆಯಲ್ಲಿ ಕೂರಬಾರದು. ಅದು ಯಾಕೆ ಅಂತ ಮುಂದೆ ಡೆಂಗೀ ವಿಷಯದಲ್ಲಿ ಹೇಳುತ್ತೇನೆ.

ನಾನು ಓದಿದ್ದು ಮೈಸೂರು ಮೆಡಿಕಲ್ ಕಾಲೇಜಿನಲ್ಲಿ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾಗಿ 1930ರಲ್ಲಿ ಮೈಸೂರಿಗೆ ಬಂದ ಕಾಲೇಜು. ಅಲ್ಲಿನ ಕೆ.ಆರ್. ಆಸ್ಪತ್ರೆಯಲ್ಲಿ ಒಂದು ಬೆಳಗ್ಗೆಗೆ ನೋಡುವಷ್ಟು ರೋಗಿಗಳನ್ನು ಈಗ ವಾರಕ್ಕೂ ನೋಡುವುದಿಲ್ಲ. ಆದರೆ ಅಲ್ಲಿ ಚೀಟಿ ಬರೆದುಕೊಟ್ಟರೆ ನನ್ನ ಕೆಲಸ ಮುಗಿಯುತ್ತಿತ್ತು. ಮಾತ್ರೆಗೆ ಎಷ್ಟಾಯಿತು, ಆ ಮನುಷ್ಯ ಊರಿಗೆ ಯಾವ ಬಸ್ಸಿನಲ್ಲಿ ಹೋದ, ಮತ್ತೆ ಬಂದನಾ, ಒಂದೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಒಂದಷ್ಟು ಕಾಲ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುತ್ತಿಗೆ ಕೆಲಸ, ಕೋವಿಡ್ ಕಾಲವೂ ಅದರಲ್ಲೇ ಕಳೆಯಿತು. ಆಮೇಲೆ ಖಾಸಗಿ ಆಸ್ಪತ್ರೆಯಲ್ಲಿ ನೈಟ್ ಡ್ಯೂಟಿ. 2022ರಲ್ಲಿ ಊರಿಗೆ ಬಂದೆ.

ಜಾಗದ ವಿಷಯದಲ್ಲಿ ನಾನು ಹಟ ಹಿಡಿದದ್ದು ಒಂದಕ್ಕೇ: ಮೆಟ್ಟಿಲು ಇರಬಾರದು. ನೂರಡಿ ರಸ್ತೆಯ ಮೇಲೆಯೇ ಒಂದು ಮಹಡಿ ಮೇಲಿನ ಜಾಗ ಕಡಿಮೆ ಬಾಡಿಗೆಗೆ ಸಿಗುತ್ತಿತ್ತು. ಮಂಡಿ ನೋವಿನ ಅಜ್ಜಿ, ಪಾರ್ಶ್ವವಾಯು ಹೊಡೆದ ಯಜಮಾನರು, ತುಂಬು ಬಸುರಿ ಇವರೆಲ್ಲ ಮಹಡಿ ಹತ್ತಿ ಬರುತ್ತಾರಾ? ಒಳಗಿನ ಅಡ್ಡರಸ್ತೆಯಲ್ಲಿ ಜೆರಾಕ್ಸ್ ಅಂಗಡಿ ಖಾಲಿ ಮಾಡಿದ್ದ ಮಳಿಗೆ ಹಿಡಿದೆ. ಹಿಂದೆ ಟಾಯ್ಲೆಟ್ ಇತ್ತು. ಸಕ್ಕರೆ ಕಾಯಿಲೆಯವರು ಜಾಸ್ತಿ ಬರುವ ಕಡೆ ಅದು ಇಲ್ಲದಿದ್ದರೆ ಆಗುವುದಿಲ್ಲ. ಆಷಾಢದಲ್ಲಿ ಬೇಡ ಅಂತ ಅಮ್ಮ ಹಿಡಿದುಕೊಂಡರು. ಸರಿ, ಶ್ರಾವಣಕ್ಕೆ ಪೂಜೆ ಇಟ್ಟುಕೊಂಡೆವು. ಆ ಒಂದು ತಿಂಗಳು ಕಾಗದಪತ್ರಕ್ಕೆ ಒದಗಿತು.

ಕಾಗದಪತ್ರ ಅಂದರೆ ಮುಖ್ಯವಾಗಿ ಕೆಪಿಎಂಇ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007. ಒಂದು ಟೇಬಲ್ಲು, ಒಂದು ಸ್ಟೆತಸ್ಕೋಪ್ ಇಟ್ಟುಕೊಂಡು ಕೂತವರಿಗೂ ಈ ನೋಂದಣಿ ಬೇಕು. ಮೆಡಿಕಲ್ ಕೌನ್ಸಿಲ್ ನೋಂದಣಿ ಒಂದಿದ್ದರೆ ಸಾಲದು. ಅದು ಡಾಕ್ಟರಿಗೆ ಕೊಡುವುದು, ಇದು ಜಾಗಕ್ಕೆ ಕೊಡುವುದು. ಅರ್ಜಿ ಆನ್‌ಲೈನ್‌ನಲ್ಲಿ. ಬಾಡಿಗೆ ಕರಾರು, ಮೆಡಿಕಲ್ ಕೌನ್ಸಿಲ್ ಸರ್ಟಿಫಿಕೇಟು, ಕಸ ವಿಲೇವಾರಿಯ ಒಪ್ಪಂದ ಎಲ್ಲ ಸ್ಕ್ಯಾನ್ ಮಾಡಿ ಏರಿಸಬೇಕು. ಜಿಲ್ಲಾ ಮಟ್ಟದ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿ ಸದಸ್ಯ ಕಾರ್ಯದರ್ಶಿ. ಬಂದು ನೋಡುತ್ತಾರೆ. ಆಮೇಲೆ ಸಿಗುವ ನೋಂದಣಿ ಐದು ವರ್ಷಕ್ಕೆ. ಅದನ್ನು ಎದ್ದು ಕಾಣುವ ಹಾಗೆ ಗೋಡೆಗೆ ಹಾಕಬೇಕು. ಯಾವುದಕ್ಕೆ ಎಷ್ಟು ದುಡ್ಡು ಅನ್ನುವ ಪಟ್ಟಿಯನ್ನೂ ಹಾಕಬೇಕು.

ಈ ಕಾಯ್ದೆಗೆ ತಿದ್ದುಪಡಿ ತರುವಾಗ, 2017ರ ನವೆಂಬರ್‌ನಲ್ಲಿ, ರಾಜ್ಯದ ಖಾಸಗಿ ಡಾಕ್ಟರುಗಳು ಮುಷ್ಕರ ಮಾಡಿದ್ದು ನೆನಪಿರಬಹುದು. ನಾನಾಗ ಕೆ.ಆರ್. ಆಸ್ಪತ್ರೆಯಲ್ಲಿ ಹೌಸ್ ಸರ್ಜನ್. ಹೊರಗೆ ಬಾಗಿಲು ಮುಚ್ಚಿದ್ದರಿಂದ ಎಲ್ಲರೂ ನಮ್ಮಲ್ಲಿಗೇ ಬಂದರು, ಊಟಕ್ಕೆ ಏಳಲೂ ಆಗಲಿಲ್ಲ. ಆ ಕಾಯ್ದೆ ಯಾಕೆ ಬೇಕು, ಯಾಕೆ ಬೇಡ ಅಂತ ಆಗ ನನಗೆ ಎರಡೂ ಗೊತ್ತಿರಲಿಲ್ಲ. ಈಗ ನನ್ನ ಅಭಿಪ್ರಾಯ ಇಷ್ಟು: ದರಪಟ್ಟಿ ಗೋಡೆ ಮೇಲಿದ್ದರೆ ಡಾಕ್ಟರಿಗೇ ಅನುಕೂಲ. ‘ಎಷ್ಟು ಕೊಡ್ಲಿ’ ಅನ್ನುವ ಮಾತೇ ಬರುವುದಿಲ್ಲ. ದುಡ್ಡು ಕೇಳಲು ನಾಚಿಕೆ ಪಡುವ ನನ್ನಂಥವರಿಗೆ ಆ ಕಾಗದ ದೊಡ್ಡ ಆಸರೆ.

ಕಸದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ನಾಲ್ಕು ಬಣ್ಣ. ರಕ್ತ, ಕೀವು ಅಂಟಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ. ಸೂಜಿ ತೆಗೆದ ಸಿರಿಂಜು, ಗ್ಲೌಸು, ಡ್ರಿಪ್ ಟ್ಯೂಬು ಕೆಂಪಿಗೆ. ಸೂಜಿ, ಬ್ಲೇಡು ಚುಚ್ಚಿ ಹೊರಬರದಂಥ ಬಿಳಿ ಡಬ್ಬಿಗೆ. ಗಾಜಿನ ಬಾಟಲಿ ನೀಲಿಗೆ. 48 ಗಂಟೆಗಿಂತ ಹೆಚ್ಚು ಹೊತ್ತು ಇಟ್ಟುಕೊಳ್ಳುವ ಹಾಗಿಲ್ಲ. ಒಯ್ಯುವ ಏಜೆನ್ಸಿ ಜೊತೆ ಒಪ್ಪಂದ ಬೇಕು, ಚೀಲಕ್ಕೆ ಬಾರ್‌ಕೋಡ್ ಅಂಟಿಸಬೇಕು. ಹಾಸಿಗೆ ಇಲ್ಲದ ಕ್ಲಿನಿಕ್ಕಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಒಂದೇ ಸಲ ಸಾಕು. ಆದರೆ ವಾರ್ಷಿಕ ವರದಿಯನ್ನು ಪ್ರತಿವರ್ಷ ಜೂನ್ 30ರೊಳಗೆ ಕೊಡಬೇಕು. ಇದನ್ನು ಮರೆಯುವವರೇ ಜಾಸ್ತಿ. ನನ್ನ ಮೊಬೈಲಿನಲ್ಲಿ ಅಲಾರಂ ಇದೆ.

ತೆರಿಗೆ ಸುಲಭ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ. ವೃತ್ತಿ ತೆರಿಗೆ ವರ್ಷಕ್ಕೆ 2,500. ಉಳಿದದ್ದನ್ನು ಆಡಿಟರ್ ನೋಡಿಕೊಳ್ಳುತ್ತಾರೆ.

ಸಾಮಾನಿನಲ್ಲಿ ನಾನು ಮೊದಲು ತಂದದ್ದು ಎಮರ್ಜೆನ್ಸಿ ಟ್ರೇ. ಅಡ್ರಿನಲಿನ್, ಹೈಡ್ರೋಕಾರ್ಟಿಸೋನ್, ಏವಿಲ್, ಅಟ್ರೋಪಿನ್, ಡೆಕ್ಸ್‌ಟ್ರೋಸ್, ಕೈಯಲ್ಲಿ ಒತ್ತಿ ಉಸಿರು ಕೊಡುವ ಒಂದು ಆಂಬು ಬ್ಯಾಗು. ಪಕ್ಕದಲ್ಲೇ ಸಣ್ಣ ಆಕ್ಸಿಜನ್ ಸಿಲಿಂಡರು. ಇಂಟೀರಿಯರ್ ಮಾಡುವ ಹುಡುಗ ‘ಮೇಡಂ, ಇದನ್ನ ಒಳಗಡೆ ಬೀರುನಲ್ಲಿ ಇಡೋಣ, ನೋಡೋಕೆ ಚೆನ್ನಾಗಿರಲ್ಲ’ ಅಂದ. ಬೇಡಪ್ಪ ಅಂದೆ. ಇಂಜೆಕ್ಷನ್ ಹಾಕಿದ ಎರಡು ನಿಮಿಷಕ್ಕೆ ಮೈಯೆಲ್ಲ ದದ್ದು ಎದ್ದು, ಗಂಟಲು ಕಟ್ಟಿ, ಬಿಪಿ ಬಿದ್ದರೆ ಬೀರುವಿನ ಬೀಗ ಹುಡುಕುವಷ್ಟು ಹೊತ್ತು ಇರುವುದಿಲ್ಲ. ಆಗ ಬೇಕಾದ್ದು ಅಡ್ರಿನಲಿನ್ ಅರ್ಧ ಮಿಲಿಗ್ರಾಂ, ತೊಡೆಯ ಸ್ನಾಯುವಿಗೆ, ಆ ಕ್ಷಣಕ್ಕೆ. ದೊಡ್ಡ ಆಸ್ಪತ್ರೆಯಲ್ಲಿ ಕೂಗಿದರೆ ನಾಲ್ಕು ಜನ ಓಡಿ ಬರುತ್ತಾರೆ. ಇಲ್ಲಿ ಇರುವುದು ನಾನು, ನಮ್ಮ ಅಕ್ಕ. ಅಕ್ಕ ಅಂದರೆ ಎಎನ್‌ಎಂ ಅನ್ನುವ ನರ್ಸಿಂಗ್ ಕೋರ್ಸು ಓದಿದವರು, ನನಗಿಂತ ಹತ್ತು ವರ್ಷ ದೊಡ್ಡವರು. ಟ್ರೇನಲ್ಲಿ ಯಾವುದು ಎಲ್ಲಿದೆ ಅಂತ ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಾರೆ. ಪ್ರತಿ ತಿಂಗಳ ಮೊದಲ ದಿನ ಎಕ್ಸ್‌ಪೈರಿ ನೋಡುವುದು ಅವರ ಕೆಲಸ. ಆಯುಧಪೂಜೆಗೆ ಬಿಪಿ ಮೆಷಿನ್ನಿಗೆ ಕುಂಕುಮ ಇಟ್ಟರೂ ಆ ಟ್ರೇಗೆ ಮಾತ್ರ ಹೂವಿನ ಎಸಳೂ ಬೀಳಲು ಬಿಡುವುದಿಲ್ಲ.

ಮೊದಲ ತಿಂಗಳುಗಳಲ್ಲಿ ಜನ ಹೊಸ ಹೋಟೆಲಿಗೆ ಇಣುಕುವ ಹಾಗೆ ಬಾಗಿಲಲ್ಲಿ ಇಣುಕಿ ಹೋಗುತ್ತಿದ್ದರು. ಒಳಗೆ ಯಾರೂ ಕೂತಿಲ್ಲ ಅಂದರೆ ಬರುವುದಿಲ್ಲ. ಬಂದವರು ಬಿಪಿ ನೋಡಿಸಿಕೊಂಡು ಹೋಗುತ್ತಿದ್ದರು. ಅದಕ್ಕೆ ದುಡ್ಡು ತಗೊಳ್ಳುತ್ತಿರಲಿಲ್ಲ. ಖಾಲಿ ಕೂತಾಗ ಬರುವ ಇನ್ನೊಂದು ಜಾತಿಯ ಜನ ಇದ್ದಾರೆ. ಒಂದು ಲ್ಯಾಬಿನವರು ಬಂದು, ನೀವು ಕಳಿಸುವ ಪ್ರತಿ ಟೆಸ್ಟಿಗೂ ‘ಕಟ್’ ಇದೆ ಮೇಡಂ, ತಿಂಗಳ ಕೊನೆಗೆ ಕವರಿನಲ್ಲಿ ಬರುತ್ತೆ ಅಂದರು. ಆ ಕವರಿನ ದುಡ್ಡು ಎಲ್ಲಿಂದ ಬರುತ್ತದೆ? ರೋಗಿಯ ಬಿಲ್ಲಿನಿಂದ. ನನಗೆ ಕೊಡುವುದನ್ನು ಬಿಲ್ಲಿನಲ್ಲೇ ಕಡಿಮೆ ಮಾಡಿ ಅಂದೆ. ಅವರು ಮತ್ತೆ ಬರಲಿಲ್ಲ. ಇನ್ನೊಂದು ಲ್ಯಾಬಿನವರು ಒಪ್ಪಿದರು. ಈಗಲೂ ನನ್ನ ಚೀಟಿ ತಗೊಂಡು ಹೋದವರಿಗೆ ಅಲ್ಲಿ ಕಡಿಮೆ ಆಗುತ್ತದೆ, ಜನಕ್ಕೂ ಅದು ಗೊತ್ತು. ಕ್ಲಿನಿಕ್ಕಿಗೆ ಇದಕ್ಕಿಂತ ಒಳ್ಳೆ ಪ್ರಚಾರ ಇನ್ನೊಂದಿಲ್ಲ ಅಂತ ನಾನು ಲೆಕ್ಕದ ಮೇಲೆಯೇ ಹೇಳಬಲ್ಲೆ.

ಇನ್ನು ಸೂಜಿ.

‘ಒಂದ್ ಸೂಜಿ ಹಾಕ್ಬುಡಿ ಡಾಕ್ಟ್ರಮ್ಮ, ನಾಳೆ ಗದ್ದೆಗೆ ಹೋಗ್ಬೇಕು.’ ದಿನಕ್ಕೆ ಇದನ್ನು ಎಷ್ಟು ಸಲ ಕೇಳುತ್ತೇನೋ. ಮೈಕೈ ನೋವು, ಜ್ವರ, ಸುಸ್ತು, ಎಲ್ಲಕ್ಕೂ ಸೂಜಿ. ಇಲ್ಲ ಅಂದರೆ ಗ್ಲೂಕೋಸ್. ‘ಏನ್ ಡಾಕ್ಟ್ರಮ್ಮ, ಬರೀ ಮಾತ್ರೆನಾ?’ ಅಂತ ಮುಖ ಸಪ್ಪೆ ಮಾಡುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಹಳ್ಳಿಗಳಲ್ಲಿ ಓದಿಲ್ಲದ ‘ಡಾಕ್ಟರು’ಗಳು ನೋವಿನ ಮದ್ದು ಡೈಕ್ಲೋಫೆನಾಕ್, ಜೊತೆಗೆ ಡೆಕ್ಸಾ, ಎರಡನ್ನೂ ಒಟ್ಟಿಗೆ ಎಳೆದು ಚುಚ್ಚುತ್ತಾರೆ. ಡೆಕ್ಸಾ ಸ್ಟೆರಾಯ್ಡ್. ಹಾಕಿದ ಅರ್ಧ ದಿನಕ್ಕೆ ಮೈ ಹಗುರವಾಗುತ್ತದೆ, ಹಸಿವಾಗುತ್ತದೆ, ‘ಅವರ ಕೈಗುಣ ಚೆನ್ನಾಗಿದೆ’ ಅನ್ನಿಸುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಅದೇ ಡೆಕ್ಸಾದಿಂದ ಶುಗರ್ ಏರುತ್ತದೆ. ಕಾಲಿನ ಗಾಯ ಮಾಯುವುದಿಲ್ಲ. ಆಗ ನನ್ನ ಹತ್ತಿರ ಬರುತ್ತಾರೆ.

ಇದನ್ನೆಲ್ಲ ಪ್ರತಿಯೊಬ್ಬರಿಗೂ ಪಾಠದ ಹಾಗೆ ಹೇಳಲು ಆಗುವುದಿಲ್ಲ. ಹೊರಗೆ ಸಾಲು ಇರುತ್ತದೆ. ಗ್ಲೂಕೋಸ್ ಕೇಳಿದವರಿಗೆ ನಾನು ಬಾಟಲಿ ತೋರಿಸಿ ಒಂದು ಲೆಕ್ಕ ಹೇಳುತ್ತೇನೆ. ಅರ್ಧ ಲೀಟರ್ ಐದು ಪರ್ಸೆಂಟ್ ಡೆಕ್ಸ್‌ಟ್ರೋಸ್ ಬಾಟಲಿಯಲ್ಲಿ ಇರುವುದು 25 ಗ್ರಾಂ ಸಕ್ಕರೆ. ‘ನಮ್ಮ ಮಂಡ್ಯದೋರಿಗೆ ಸಕ್ಕರೆ ಲೆಕ್ಕ ಹೇಳ್ಕೊಡ್ಬೇಕಾ? ಒಂದು ಲೋಟ ಪಾನಕ ಕುಡೀರಿ, ಅದಕ್ಕಿಂತ ಜಾಸ್ತಿ ಸಿಗುತ್ತೆ.’ ಕಬ್ಬು ಬೆಳೆಯುವವರಿಗೆ ಈ ಮಾತು ತಟ್ಟುತ್ತದೆ. ನಗುತ್ತಾರೆ, ಮಾತ್ರೆ ತಗೊಂಡು ಹೋಗುತ್ತಾರೆ. ಕೆಲವರು ನಗುವುದಿಲ್ಲ, ಎದ್ದು ಪಕ್ಕದ ಬೀದಿಗೆ ಹೋಗುತ್ತಾರೆ. ಹೋಗಲಿ. ಶುರುವಿನಲ್ಲಿ ಹಾಗೆ ಹೋದವರನ್ನು ಎಣಿಸಿಕೊಂಡು ನಿದ್ದೆ ಕೆಡಿಸಿಕೊಳ್ಳುತ್ತಿದ್ದೆ, ಈಗ ಇಲ್ಲ.

2024ರ ಮಳೆಗಾಲದಲ್ಲಿ ಇದೇ ಸೂಜಿ ವಿಷಯ ಜೀವದ ಪ್ರಶ್ನೆ ಆಯಿತು. ರಾಜ್ಯದಲ್ಲೆಲ್ಲ ಡೆಂಗೀ. ಡೆಂಗೀ ಜ್ವರಕ್ಕೆ ಪ್ಯಾರಾಸಿಟಮಾಲ್ ಒಂದೇ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮದ್ದು ಕೊಟ್ಟರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಇನ್ನೊಂದು ಮಾತು ಜನಕ್ಕೆ ನಂಬಿಸುವುದು ಬಹಳ ಕಷ್ಟ: ಡೆಂಗೀಯಲ್ಲಿ ಅಪಾಯ ಜ್ವರ ಏರಿದಾಗ ಅಲ್ಲ, ಇಳಿದ ಮೇಲೆ. ಮೂರನೇ ದಿನದಿಂದ ಏಳನೇ ದಿನದೊಳಗೆ ಜ್ವರ ಬಿಟ್ಟಿತು ಅಂತ ಮನೆಯವರು ನಿಟ್ಟುಸಿರು ಬಿಡುವ ಹೊತ್ತಿಗೇ ರಕ್ತನಾಳದಿಂದ ನೀರು ಸೋರುತ್ತದೆ. ಹೊಟ್ಟೆ ನೋವು, ನಿಲ್ಲದ ವಾಂತಿ, ಒಸಡಿನಲ್ಲಿ ರಕ್ತ, ಮಂಕು ಇಂಥದ್ದು ಕಂಡರೆ ಕಾಯಬಾರದು. ಐದು ದಿನದೊಳಗೆ ಮತ್ತೆ ಬಂದವರಿಗೆ ಫೀಸಿಲ್ಲ ಅಂತ ಬರೆಸಿದ್ದು ಇದಕ್ಕೇ. ಆ ಒಂದು ಸಾಲು ಅವತ್ತು ಕೆಲಸ ಮಾಡಿತು. ಜನ ಜ್ವರ ಬಿಟ್ಟ ಮೇಲೂ ಬಂದರು.

ಆಗ ಎಲ್ಲರ ಬಾಯಲ್ಲೂ ರಕ್ತ ಹೆಪ್ಪುಗಟ್ಟಲು ಬೇಕಾದ ಕಣಗಳದ್ದೇ ಮಾತು, ಪ್ಲೇಟ್‌ಲೆಟ್. ಎಂಬತ್ತು ಸಾವಿರ ಅಂದರೆ ಮನೆಯಲ್ಲಿ ಅಳು. ಪರಂಗಿ ಎಲೆ ರಸ ಅರೆದು ಅರೆದು ಕುಡಿಸಿ, ಮಗು ವಾಂತಿ ಮಾಡಿಕೊಂಡು, ಅದು ಡೆಂಗೀ ವಾಂತಿಯಾ ಎಲೆ ರಸದ ವಾಂತಿಯಾ ಅಂತ ನಾನು ತಲೆ ಕೆಡಿಸಿಕೊಳ್ಳಬೇಕು. ರಕ್ತಸ್ರಾವ ಇಲ್ಲದಿದ್ದರೆ ಪ್ಲೇಟ್‌ಲೆಟ್ ಹತ್ತು ಸಾವಿರಕ್ಕಿಂತ ಕೆಳಗೆ ಇಳಿಯುವವರೆಗೆ ಸಾಮಾನ್ಯವಾಗಿ ಹೊರಗಿನಿಂದ ಕೊಡುವುದಿಲ್ಲ ಅಂತ ಎಷ್ಟು ಹೇಳಿದರೂ ಆ ಅಂಕಿಯ ಮೇಲೆಯೇ ಕಣ್ಣು. ಜುಲೈನಲ್ಲಿ ಸರ್ಕಾರ ಡೆಂಗೀ ಪತ್ತೆಮಾಡುವ ರಕ್ತದ ಟೆಸ್ಟುಗಳ ದರ ಗೊತ್ತುಮಾಡಿತು. ಎನ್‌ಎಸ್‌1 ಎಲೈಸಾಗೆ 300, ಐಜಿಎಂಗೆ 300, ರ‍್ಯಾಪಿಡ್ ಕಾರ್ಡಿಗೆ 250. ಆ ಆದೇಶವನ್ನು ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದೆ. ಜನ ಅದರ ಫೋಟೋ ತೆಗೆದುಕೊಂಡು ಲ್ಯಾಬಿಗೆ ಹೋಗುತ್ತಿದ್ದರು.

ನಮ್ಮ ಜಿಲ್ಲೆಯ ಬಗ್ಗೆ ಬರೆಯುವಾಗ ಇದನ್ನು ಬಿಟ್ಟು ಬರೆಯುವ ಹಾಗಿಲ್ಲ. 2023ರ ಕೊನೆಯಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿತ್ತು. ಬೆಲ್ಲ ಮಾಡುವ ಜಾಗದಲ್ಲಿ ಸ್ಕ್ಯಾನಿಂಗ್ ಮೆಷಿನ್. ಇಡೀ ರಾಜ್ಯದ ಪತ್ರಿಕೆಗಳಲ್ಲಿ ನಮ್ಮ ಊರಿನ ಹೆಸರು. ಆ ಸುದ್ದಿ ಬಂದ ವಾರ ಕ್ಲಿನಿಕ್ಕಿನಲ್ಲಿ ಎಲ್ಲರೂ ಅದನ್ನೇ ಬೈಯುತ್ತಿದ್ದರು. ಆದರೆ ನಾನು ಕ್ಲಿನಿಕ್ ತೆಗೆದ ದಿನದಿಂದ ಕೇಳಿಸಿಕೊಂಡಿದ್ದೂ ಅದನ್ನೇ ಅಲ್ವಾ? ನೇರವಾಗಿ ಯಾರೂ ಕೇಳುವುದಿಲ್ಲ. ಸೊಸೆಯನ್ನು ಹೊರಗೆ ಕೂರಿಸಿ ಅತ್ತೆ ಒಳಗೆ ಬರುತ್ತಾರೆ. ‘ಮೊದಲನೆಯದು, ಎರಡನೆಯದು ಹೆಣ್ಣು ಕಣವ್ವ. ನಿಮ್ಗೆ ಗೊತ್ತಿರೋರು ಯಾರಾದ್ರೂ ಇದ್ರೆ...’ ಅಂತ ಮಾತು ಅರ್ಧಕ್ಕೆ ಬಿಡುತ್ತಾರೆ. ನನ್ನ ಹತ್ತಿರ ಸ್ಕ್ಯಾನಿಂಗ್ ಮೆಷಿನ್ ಇಲ್ಲ. ಹೆಣ್ಣು ಡಾಕ್ಟರು ಅಂದರೆ ಹೇಳಿಯಾಳು ಅನ್ನುವ ನಂಬಿಕೆ.

ನಾನು ಸೊಸೆಯನ್ನು ಒಳಗೆ ಕರೆಯುತ್ತೇನೆ. ಇಬ್ಬರ ಎದುರಿಗೂ ಹೇಳುತ್ತೇನೆ: 1994ರ ಕಾಯ್ದೆಯಲ್ಲಿ ಪತ್ತೆ ಮಾಡಿದವರಿಗೂ ಮೂರು ವರ್ಷದವರೆಗೆ ಜೈಲು, ಮಾಡಿಸಿ ಅಂತ ಕೇಳಿದ ಮನೆಯವರಿಗೂ ಜೈಲು, ಮನೆಯವರಿಗೆ ಐವತ್ತು ಸಾವಿರದವರೆಗೆ ದಂಡ. ಆಮೇಲೆ ಸೊಸೆಯ ಹಿಮೋಗ್ಲೋಬಿನ್ ನೋಡುತ್ತೇನೆ. ಬಹಳ ಸಲ ಎಂಟೋ ಒಂಬತ್ತೋ ಇರುತ್ತದೆ. ಅತ್ತೆಗೆ ಹೇಳುವುದು ಆ ಅಂಕಿಯನ್ನು. ‘ಮಗು ಯಾವುದಾದ್ರೂ ಆಗ್ಲಿ ಅಮ್ಮ, ಇವಳ ಮೈಯಲ್ಲಿ ರಕ್ತ ಇಲ್ಲ. ಹೆರಿಗೆ ಟೈಮಲ್ಲಿ ಇವಳೇ ಉಳಿಯಲ್ಲ.’ ಕೆಲವರು ಕಬ್ಬಿಣದ ಮಾತ್ರೆ ತಗೊಂಡು ಹೋಗಿ ತಪ್ಪದೆ ಬರುತ್ತಾರೆ. ಕೆಲವರು ಮತ್ತೆ ಕಾಣುವುದೇ ಇಲ್ಲ. ಅವರು ಎಲ್ಲಿಗೆ ಹೋದರು ಅನ್ನುವ ಯೋಚನೆ ಆಲೆಮನೆ ಸುದ್ದಿ ಬಂದ ಮೇಲೆ ನನಗೆ ಜಾಸ್ತಿ ಆಯಿತು. ಈಗ ಅಂಥ ಮನೆಯ ಊರಿನ ಆಶಾ ಕಾರ್ಯಕರ್ತೆಗೆ, ಬಸುರಿಗೆ ರಕ್ತ ಕಡಿಮೆ ಇದೆ, ಮನೆಗೆ ಹೋಗಿ ಬರ್ತಾ ಇರಿ ಅಂತ ಫೋನ್ ಮಾಡಿ ಹೇಳುತ್ತೇನೆ. ಅಷ್ಟು ಹೇಳಿದರೆ ಅವರಿಗೆ ಅರ್ಥವಾಗುತ್ತದೆ.

ದುಡ್ಡಿನ ವಿಷಯಕ್ಕೆ ಮತ್ತೆ ಬರುತ್ತೇನೆ. ನಮ್ಮ ಕ್ಲಿನಿಕ್ಕಿನಲ್ಲಿ ಒಂದು ಸಾಲದ ಪುಸ್ತಕ ಇದೆ, ಅಕ್ಕನ ಹತ್ತಿರ. ‘ಕಬ್ಬಿನ ದುಡ್ಡು ಬಂದ್ಮೇಲೆ ಕೊಡ್ತೀನಿ’ ಅನ್ನುವವರ ಹೆಸರು ಅದರಲ್ಲಿ. ಕಬ್ಬು ಕಡಿದು ಫ್ಯಾಕ್ಟರಿಗೆ ಹೋಗಿ ಬಿಲ್ಲು ಬರುವ ತನಕ ರೈತರ ಕೈಯಲ್ಲಿ ಕಾಸು ಆಡುವುದಿಲ್ಲ ಅಂತ ನನಗೆ ಗೊತ್ತು, ನಮ್ಮ ಮನೆಯಲ್ಲೂ ಅದೇ ಕಥೆ. ಹೆಚ್ಚಿನವರು ಕೊಡುತ್ತಾರೆ. ಕೊಡದವರು ಫೀಸಿನ ನಾಚಿಕೆಗೆ ಕ್ಲಿನಿಕ್ಕಿಗೇ ಬರುವುದನ್ನು ಬಿಡುತ್ತಾರೆ, ಅದೇ ಕಷ್ಟ. ಬಿಪಿ ಮಾತ್ರೆ ನಿಲ್ಲಿಸಿಬಿಡುತ್ತಾರೆ. ಅದಕ್ಕೆ ವರ್ಷಕ್ಕೊಮ್ಮೆ, ಯುಗಾದಿಗೆ, ಹಳೆಯ ಬಾಕಿ ಹೊಡೆದುಹಾಕುತ್ತೇವೆ. ಅಕ್ಕನಿಗೆ ಇದು ಪೂರ್ತಿ ಒಪ್ಪಿಗೆಯಿಲ್ಲ. ‘ಮೇಡಂ, ಟ್ರ್ಯಾಕ್ಟರ್ ಇಟ್ಕೊಂಡಿರೋರ ಬಾಕಿನೂ ಹೊಡೆದಾಕ್ತೀರಾ?’ ಅಂತ ಕೇಳುತ್ತಾರೆ. ಆ ಪ್ರಶ್ನೆ ಸರಿಯೇ. ಟ್ರ್ಯಾಕ್ಟರ್‌ನವರಿಗೆ ಅವರೇ ಫೋನ್ ಮಾಡುತ್ತಾರೆ.

2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಬಸ್ಸು ಉಚಿತ ಆದ ಮೇಲೆ ಕೆರಗೋಡು, ಬಸರಾಳು, ದುದ್ದದ ಕಡೆಯ ಅಜ್ಜಿಯರು ತಾವಾಗಿಯೇ ಬರುತ್ತಾರೆ. ಮುಂಚೆ ಮಗ ಬೈಕಿನಲ್ಲಿ ಕರೆತಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಈಗ ಬೆಳಗಿನ ಬಸ್ಸಿಗೆ ಇಬ್ಬರು ಮೂವರು ಜೊತೆಯಾಗಿ ಬಂದು, ಶುಗರ್ ನೋಡಿಸಿಕೊಂಡು, ಹಾಗೇ ಪೇಟೆ ಬೀದಿ ಸುತ್ತಿ ಹೋಗುತ್ತಾರೆ. ಮಗನ ಎದುರಿಗೆ ಹೇಳದ ಕಾಯಿಲೆಗಳನ್ನು ಆಗ ಹೇಳುತ್ತಾರೆ. ಮೂತ್ರ ನಿಲ್ಲದಿರುವುದು, ಗರ್ಭಕೋಶ ಜಾರಿರುವುದು, ವರ್ಷಗಟ್ಟಲೆ ಸಹಿಸಿಕೊಂಡದ್ದು. ಬೆಳಗ್ಗೆ ಹತ್ತು ಗಂಟೆಗೆ ತೆಗೆಯುತ್ತಿದ್ದ ಬಾಗಿಲನ್ನು ಒಂಬತ್ತೂವರೆ ಗಂಟೆಗೇ ತೆಗೆಯಲು ಶುರುಮಾಡಿದ್ದು ಆ ಬಸ್ಸಿನ ಸಲುವಾಗಿ. ಸಂಜೆ ಐದೂವರೆಯಿಂದ ಒಂಬತ್ತು ಊರಿನವರದ್ದು.

ಒಬ್ಬಳೇ ಕೂತ ಕ್ಲಿನಿಕ್ಕಿನಲ್ಲಿ ಯಾರನ್ನು ಇಲ್ಲಿ ನೋಡಬಾರದು ಅನ್ನುವುದನ್ನು ಬೇಗ ತೀರ್ಮಾನಿಸಬೇಕು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದೆ ಅಂತ ಬರುತ್ತಾರೆ. ಕಾಲಿಗೆ ಬಿಗಿಯಾಗಿ ಹಗ್ಗ ಕಟ್ಟಿರುತ್ತಾರೆ. ನನ್ನ ಹತ್ತಿರ ವಿಷಕ್ಕೆ ಮದ್ದಿಲ್ಲ, ಇಟ್ಟುಕೊಂಡರೂ ಇಲ್ಲಿ ಕೊಡುವಂಥದ್ದಲ್ಲ. ಕಾಲು ಅಲ್ಲಾಡದ ಹಾಗೆ ಪಟ್ಟಿ ಹಾಕಿ, ಉಸಿರಾಟ ನೋಡಿ, ಇಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಮಿಮ್ಸ್‌ಗೆ ಫೋನ್ ಮಾಡಿ ಕಳಿಸುವುದು. ಕಟ್ಟಿದ ಹಗ್ಗವನ್ನು ಗಾಬರಿಯಲ್ಲಿ ಪಟ್ಟನೆ ಬಿಚ್ಚುವ ಹಾಗೂ ಇಲ್ಲ, ತಡೆದಿದ್ದ ವಿಷ ಒಮ್ಮೆಗೇ ಮೈಗೆ ಏರಬಹುದು. 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದೂ ಕಡ್ಡಾಯ.

ಹಾವು ಕಚ್ಚಿದವರು ಹೇಳಿದ ಮಾತು ಕೇಳುತ್ತಾರೆ. ಎದೆ ನೋವಿನವರು ಕೇಳುವುದಿಲ್ಲ. ‘ಗ್ಯಾಸ್ಟ್ರಿಕ್ ಆಗಿದೆ, ಒಂದು ಇಂಜೆಕ್ಷನ್ ಹಾಕಿ ಕಳ್ಸಿ.’ ಬೆವರು ಸುರಿಯುತ್ತಿರುತ್ತದೆ. ಇಸಿಜಿ ಮೆಷಿನ್ ತಂದದ್ದು ಎರಡನೇ ವರ್ಷ, ಬೇರೆ ಎಲ್ಲ ಸಾಮಾನಿಗಿಂತ ಅದಕ್ಕೇ ಜಾಸ್ತಿ ದುಡ್ಡು ಹೋಯಿತು. ಒಂದು ಸಂಜೆ ಹಾಗೆ ‘ಗ್ಯಾಸ್ಟ್ರಿಕ್’ ಅಂತ ಬಂದ ಐವತ್ತರ ಆಸುಪಾಸಿನ ಒಬ್ಬರ ಇಸಿಜಿಯಲ್ಲಿ ಎಸ್‌ಟಿ ಅನ್ನುವ ಗೀಟು ಎದ್ದು ನಿಂತಿತ್ತು, ಹಾರ್ಟ್ ಅಟ್ಯಾಕಿನ ಗುರುತು. ಹೆಂಡತಿ ಜೊತೆಗಿದ್ದರು. ಯಜಮಾನರು ಒಪ್ಪಲಿಲ್ಲ. ನಾಳೆ ಕೊಯ್ಲಿನ ಆಳು ಬರ್ತಾರೆ ಅಂದರು. ಆಸ್ಪಿರಿನ್ ಅಗಿಯಲು ಕೊಟ್ಟೆ. ಹೆಂಡತಿಗೆ ಕಾಗದದ ಗೀಟು ತೋರಿಸಿ, ಇದು ಹಾರ್ಟ್ ಅಟ್ಯಾಕ್, ಈಗಲೇ ಹೋಗಬೇಕು ಅಂದೆ. ಆಯಮ್ಮ ಗಂಡನ ಜೊತೆ ಮಾತಾಡಲೇ ಇಲ್ಲ. ಹೊರಗೆ ಹೋಗಿ ಆಟೋ ನಿಲ್ಲಿಸಿದರು. ನಾನು ಬೇಡ ಅಂದು 108ಕ್ಕೆ ಫೋನ್ ಮಾಡಿದೆ. ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ದುಬಾರಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಅದನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ, ಮೈಸೂರಿನ ಜಯದೇವ ಆಸ್ಪತ್ರೆ ಅದಕ್ಕೆ ಒಂದು ಕೇಂದ್ರ. ಆಮೇಲೆ ಅವರು ಸ್ಟೆಂಟ್ ಹಾಕಿಸಿಕೊಂಡು ಬಂದು, ಒಂದು ಬುಟ್ಟಿ ಬೆಲ್ಲ ತಂದುಕೊಟ್ಟು, ‘ಆದ್ರೂ ಅವತ್ತು ಗ್ಯಾಸ್ಟ್ರಿಕ್ಕೂ ಇತ್ತು ಕಣವ್ವ’ ಅಂದರು.

ಎರಡು ವಾರ ದಾಟಿದ ಕೆಮ್ಮು ಬಂದರೆ ಕಫದ ಪರೀಕ್ಷೆಗೆ ಕಳಿಸುತ್ತೇನೆ. ಟಿಬಿ ಅಂತ ಆದರೆ ಸರ್ಕಾರದ ಪೋರ್ಟಲ್ ನಿಕ್ಷಯ್‌ನಲ್ಲಿ ನಮೂದಿಸುವುದು 2012ರಿಂದ ಖಾಸಗಿಯವರಿಗೂ ಕಡ್ಡಾಯ. ನಮೂದಾದರೆ ರೋಗಿಗೆ ಊಟಕ್ಕೆ ಅಂತ ತಿಂಗಳಿಗೆ ಸಾವಿರ ರೂಪಾಯಿ ಖಾತೆಗೆ ಬರುತ್ತದೆ, 2024ರ ನವೆಂಬರ್‌ವರೆಗೆ ಐನೂರು ಇತ್ತು. ‘ಹೆಸರು ಬರೀಬೇಡಿ ಮೇಡಂ, ಮಗಳ ಮದುವೆ ಇದೆ’ ಅನ್ನುವವರು ಇದ್ದಾರೆ. ಬರೆಯುತ್ತೇನೆ, ಮನೆಗೆ ಬರುವವರು ಜೋರಾಗಿ ಹೆಸರು ಹಿಡಿದು ಕೂಗದ ಹಾಗೆ ಫೋನ್ ಮಾಡಿ ಹೇಳುತ್ತೇನೆ. ಸುಮ್ನೆ ರಜೆ ಸರ್ಟಿಫಿಕೇಟು ಕೇಳುವವರ ಬಗ್ಗೆ ಬರೆಯಲು ಕೂತರೆ ಅದೇ ಒಂದು ಪುಟ ಆಗುತ್ತದೆ. ಕೊಡುವುದಿಲ್ಲ, ಮುಗಿಯಿತು. ನೆಂಟರಿಗೆ ಇದು ಸಿಟ್ಟು.

ಫೀಸು ಈಗ 150. ಏರಿಸುವಾಗ ದೊಡ್ಡಪ್ಪನೇ ‘ಇನ್ನೂ ನೂರರಲ್ಲೇ ಇದ್ದೀಯಾ?’ ಅಂದಿದ್ದರು.

ಇನ್ನೂ ಸರಿಹೋಗದ ಒಂದು ವಿಷಯ ರಜೆ. ನನಗೆ ಜ್ವರ ಬಂದರೆ ಕ್ಲಿನಿಕ್ ಮುಚ್ಚುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಮೆಡಿಕಲ್ ಕೌನ್ಸಿಲ್ ನೋಂದಣಿ ನವೀಕರಿಸಲು ಐದು ವರ್ಷಕ್ಕೆ 30 ಕ್ರೆಡಿಟ್ ಪಾಯಿಂಟ್ ಬೇಕು, ಅದಕ್ಕೆ ಸಮ್ಮೇಳನಗಳಿಗೆ ಹೋಗಬೇಕು, ಹೋದ ದಿನ ಸಂಪಾದನೆ ಇಲ್ಲ. ನನ್ನ ಹಾಗೆಯೇ ಒಬ್ಬರೇ ಕ್ಲಿನಿಕ್ ನಡೆಸುವ ಇನ್ನೊಬ್ಬ ಡಾಕ್ಟರು ಎರಡು ಬೀದಿ ಆಚೆ ಇದ್ದಾರೆ. ಮೊದಲು ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಈಗ ಭಾನುವಾರಗಳನ್ನು ಹಂಚಿಕೊಂಡಿದ್ದೇವೆ. ನನ್ನ ಬಾಗಿಲಿನ ಮೇಲೆ ಅವರ ನಂಬರ್ ಇರುತ್ತದೆ, ಅವರ ಬಾಗಿಲಿನ ಮೇಲೆ ನನ್ನದು. ನನ್ನ ರೋಗಿಗಳು ಅವರಲ್ಲಿ ಹೋಗಿ ಸೂಜಿ ಹಾಕಿಸಿಕೊಂಡು ಬರುತ್ತಾರೆ ಅಂತ ಅಕ್ಕನ ದೂರು. ಕೇಳಿದೆ. ಅವರಲ್ಲೂ ಅವರ ಸಿಸ್ಟರ್ ನಮ್ಮ ಬಗ್ಗೆ ಅದನ್ನೇ ಹೇಳುತ್ತಾರಂತೆ.